ಆರು ತಿಂಗಳು ಕೆಡದ ಹಿಟ್ಟು

‘ಆರು ತಿಂಗಳು ಕೆಡುವುದಿಲ್ಲ’ ಎಂಬ ಸಾಲು ನಾನು ಬರೆದದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅದೇ ಸಾಲಿನ ಕೆಳಗೆ ನನ್ನ ಸಹಿ ಬೇಕು ಅಂತ ಕೇಳಿದರು. ಬಾಗಲಕೋಟೆಯ ನಮ್ಮ ಲ್ಯಾಬಿಗೆ ಪ್ರೆಸ್ಸಿನಿಂದ ಚೀಲಗಳ ಕಟ್ಟು ಬಂದಾಗ ದಾರ ಕತ್ತರಿಸಿದವಳು ನಾನೇ. ಖಾಕಿ ಕಾಗದದ ಚೀಲ, ಅಂಚಿಗೆ ಗುಳೇದಗುಡ್ಡದ ಖಣದ ನಮೂನೆ, ನಡುವೆ ‘ನೈಸರ್ಗಿಕ ರಕ್ಷಣೆ’ ಅಂತ ಹಸಿರು ಅಕ್ಷರ, ಅದರ ಕೆಳಗೆ ಆ ಆರು ತಿಂಗಳ ಸಾಲು. ಎಲ್ಲಕ್ಕಿಂತ ಕೆಳಗೆ ಗುಡೂರಿನ ಮಹಿಳಾ ಸಂಘದ ಹೆಸರು ಮತ್ತು ಅದರ ಅಧ್ಯಕ್ಷೆಯ ಹೆಸರು. ನಮ್ಮ ಲ್ಯಾಬಿನ ಹೆಸರು ಎಲ್ಲೂ ಇರಲಿಲ್ಲ. ಹಿಟ್ಟು ಕೆಟ್ಟರೆ ಊರಿನವರು ಯಾರ ಮನೆ ಬಾಗಿಲಿಗೆ ಹೋಗಬೇಕು ಎಂಬುದು ಅಚ್ಚುಕಟ್ಟಾಗಿ ಅಚ್ಚಾಗಿತ್ತು. ಓದಿದೆ. ಕಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಆ ಚೀಲದ ಒಳಮೈ ಮಾತ್ರ ನನ್ನದು. ಅದಕ್ಕಾಗಿ ಎಂಟು ತಿಂಗಳು ಒದ್ದಾಡಿದ್ದೆ. ಕೆಲಸ ಹೇಳುವುದಕ್ಕೆ ಸುಲಭ. ಜೋಳದ ಪಿಷ್ಟವನ್ನು ನೀರಿನಲ್ಲಿ ಕಾಯಿಸಿ ಗಂಜಿ ಮಾಡಬೇಕು. ಒಣಗಿದ ಮೇಲೆ ಬಿರಿಯದಿರಲಿ ಅಂತ ಸ್ವಲ್ಪ ಗ್ಲಿಸರಿನ್ ಹಾಕಬೇಕು. ಕೈ ತಾಳುವಷ್ಟು ಆರಿದ ಮೇಲೆ ಲವಂಗದ ಎಣ್ಣೆ, ಅಜವಾನದ ಎಣ್ಣೆ ಹನಿಹನಿಯಾಗಿ ಬಿಟ್ಟು ತಿರುವಬೇಕು. ಬಿಸಿಯಲ್ಲಿ ಹಾಕಿದರೆ ಎಣ್ಣೆಯ ಸತ್ವವೆಲ್ಲ ಆವಿಯಾಗಿ ಲ್ಯಾಬಿನ ಕಿಟಕಿಯಿಂದ ಹೊರಗೆ ಹೋಗುತ್ತದೆ. ಆಮೇಲೆ ಗಾಜಿನ ಕೋಲಿನಿಂದ ಕಾಗದದ ಮೇಲೆ ತೆಳ್ಳಗೆ ಎಳೆದು ನೆರಳಿನಲ್ಲಿ ಒಣಗಿಸಬೇಕು. ಆ ಲೇಪದಿಂದ ಎಣ್ಣೆಯ ವಾಸನೆ ಮೆಲ್ಲಗೆ ಹೊರಬರುತ್ತಾ ಚೀಲದೊಳಗೆ ನಿಂತು ಬೂಷ್ಟು ಬೆಳೆಯದಂತೆ, ನುಸಿ ಏಳದಂತೆ ತಡೆಯುತ್ತದೆ. ತಡೆಯುತ್ತದೆ, ಕೊಲ್ಲುವುದಿಲ್ಲ. ಆ ಎರಡು ಮಾತಿನ ನಡುವಿನ ಅಂತರ ಗೊತ್ತಿಲ್ಲದವರು ಯಾರೂ ನಮ್ಮ ಲ್ಯಾಬಿನಲ್ಲಿರಲಿಲ್ಲ.

ಮೊದಲ ಚೀಲಗಳನ್ನು ಗುಡೂರಿಗೆ ಒಯ್ದಾಗ ಸಂಘದ ಅಧ್ಯಕ್ಷೆ ಅದರ ಹಿಟ್ಟಿನಿಂದ ಒಂದು ರೊಟ್ಟಿ ಬಡಿದು ಬೇಯಿಸಿ, ಒಂದು ತುತ್ತು ಬಾಯಿಗಿಟ್ಟು, ನನ್ನ ಮುಖ ನೋಡಿದಳು. ಐವತ್ತು ದಾಟಿದ ಹೆಂಗಸು. ಗಂಡನಿಗೆ ಕುರಿ ಮೇಯಿಸುವುದೇ ಕೆಲಸ. ಕುಲದೇವರು ಬೀರಪ್ಪನ ಹೆಸರು ಹೇಳದೆ ಗಿರಣಿಯ ಗುಂಡಿ ಒತ್ತಿದವಳಲ್ಲ. ನಾನು ಅವಳನ್ನು ಯಕ್ಕಾ ಅಂತಿದ್ದೆ, ಅವಳು ನನ್ನನ್ನು ಮರ್ಯಾದೆಗೆ ಬಾಯಾರ ಅಂತಿದ್ದಳು.

“ಬಾಯಾರ, ಹಲ್ಲಿನ ದವಾಖಾನ್ಯಾಗ ಕುಂತು ರೊಟ್ಟಿ ತಿಂದಂಗ ಆತ್ರಿ,” ಅಂದಳು.

ಸುತ್ತ ಕೂತಿದ್ದ ಹತ್ತು ಮಂದಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನಗೂ ನಗು ಬಂತು. ಲವಂಗ ಇಳಿಸಿದೆ, ಅಜವಾನ ಏರಿಸಿದೆ. ಅಜವಾನದ ವಾಸನೆ ನಮ್ಮ ನಾಲಿಗೆಗೆ ಹೊಸದಲ್ಲವಲ್ಲ. ನಂತರ ಬೇಸಿಗೆಯ ಒಣಗಾಳಿಗೆ ಲೇಪ ಮಡಿಕೆಯಲ್ಲಿ ಬಿರಿಯತೊಡಗಿತು. ಗ್ಲಿಸರಿನ್ ಹೆಚ್ಚಿಸಿದರೆ ಚೀಲ ಅಂಟಂಟು, ಕಡಿಮೆ ಮಾಡಿದರೆ ಹಪ್ಪಳ. ಸರಿಯಾದ ಅಳತೆ ಕೈಗೆ ಹತ್ತುವ ಹೊತ್ತಿಗೆ ಏಪ್ರಿಲ್ ಮುಗಿದಿತ್ತು.

ಲ್ಯಾಬಿನ ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಬಾದಾಮಿ ಕಡೆಯಿಂದ ತಂದ ಬಿಳಿಜೋಳವನ್ನು ನಮ್ಮ ಲ್ಯಾಬಿನ ಸಣ್ಣ ಗಿರಣಿಯಲ್ಲೇ ಬೀಸಿ, ಸ್ಟೀಲ್ ತಟ್ಟೆಯಲ್ಲಿ ಆರಿಸಿ, ಚೀಲಕ್ಕೆ ತುಂಬಿ, ಮಳೆಗಾಲದಷ್ಟು ತೇವ ಇರುವ ಪೆಟ್ಟಿಗೆಯಲ್ಲಿಟ್ಟೆ. ಪ್ರತಿ ವಾರ ಒಂದು ಚೀಲ ಒಡೆದು, ಚಿಟಿಕೆ ಹಿಟ್ಟನ್ನು ಬೂಷ್ಟು ಬೆಳೆಸಿ ನೋಡುವ ಗಾಜಿನ ತಟ್ಟೆಗೆ ಹಾಕುತ್ತಿದ್ದೆ. ಅರವತ್ತನೆಯ ದಿನವೂ ತಟ್ಟೆ ಸ್ವಚ್ಛ. ಆದರೆ ಚೀಲದೊಳಗೆ ಮೂಗಿಟ್ಟರೆ ಅಜವಾನದ ಹಿಂದಿನಿಂದ ಇನ್ನೊಂದು ವಾಸನೆ ಬರುತ್ತಿತ್ತು. ಕಮಟು. ಜೋಳದ ಹಿಟ್ಟಿನಲ್ಲಿ ತನ್ನದೇ ಒಂದಿಷ್ಟು ಎಣ್ಣೆ ಇರುತ್ತದೆ, ಬೀಸಿದ ದಿನದಿಂದಲೇ ಅದು ಹಳಸತೊಡಗುತ್ತದೆ. ನೋಟ್‌ಬುಕ್ಕಿನಲ್ಲಿ ‘ಕಮಟು, ಕಹಿ’ ಅಂತ ಬರೆದು ನಮ್ಮ ಯೋಜನೆಯ ಮುಖ್ಯಸ್ಥರಿಗೆ ತೋರಿಸಿದೆ.

“ನಮ್ಮದು ಬೂಷ್ಟಿನ ಪ್ರಯೋಗ ಮೇಡಂ, ವಾಸನಿದಲ್ಲ,” ಅಂದರು. “ಎರಡು ತಿಂಗಳು ತಟ್ಟಿ ಕ್ಲೀನ್ ಐತಿ ಅಂದ್ರ ಆರು ತಿಂಗಳು ಇರ್ತೈತಿ. ಲೆಕ್ಕ ಹಾಕಿದ್ರ ಗೊತ್ತಾಗ್ತೈತಿ.”

ಎಂಥ ಲೆಕ್ಕ ಅದು! ಎರಡು ಮೈಲಿ ನಡೆದ ಮುದುಕ ಅದೇ ಉಸಿರಿನಲ್ಲಿ ಆರು ಮೈಲಿ ನಡೆಯುತ್ತಾನೆ ಅಂದ ಹಾಗೆ. ಮೂರು ವಾರದಲ್ಲಿ ಚೀಲ ಅಚ್ಚಾಗಿ ಬಂತು. ಹೊರ ಊರಿನ ಪ್ಯಾಕಿಂಗ್ ಕಂಪನಿಯೊಂದು ನಮ್ಮ ತಂತ್ರ ಕೊಳ್ಳುವುದಕ್ಕೆ ಆಸೆಪಟ್ಟಿದೆ, ಹಳ್ಳಿಯಲ್ಲಿ ಬಳಸಿ ತೋರಿಸಬೇಕಾಗಿದೆ ಎಂಬ ಸುದ್ದಿ ಆಮೇಲೆ ನನ್ನ ಕಿವಿಗೆ ಬಿತ್ತು. ನನ್ನದು ವರ್ಷ ವರ್ಷ ನವೀಕರಿಸುವ ಗುತ್ತಿಗೆ ನೌಕರಿ. ನವೀಕರಣದ ಕಾಗದಕ್ಕೆ ಸಹಿ ಹಾಕುವವರು ಅವರು.

ಜುಲೈ ಕೊನೆಗೆ ಮುಖ್ಯಸ್ಥರು ಕಪಾಟಿನ ಚೀಲಗಳನ್ನು ಗುಡೂರಿಗೆ ಕಳಿಸಿದರು, ಸಂಘ ಅವುಗಳಲ್ಲಿ ಹಿಟ್ಟು ತುಂಬಿ ಹುನಗುಂದದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಕಳಿಸತೊಡಗಿತು. ಅದು ಸಂಘಕ್ಕೆ ಸಿಕ್ಕ ಮೊದಲ ಕಾಯಂ ಕೆಲಸ. ಹನ್ನೊಂದು ಮಂದಿ ಬಿಸಿಲಲ್ಲಿ ಕಳೆ ಕೀಳುವುದು ಬಿಟ್ಟು ನೆರಳಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ನಾನು ಅವರಿಗಾಗಿ ಶುಚಿತ್ವದ ಹದಿನಾಲ್ಕು ಸೂಚನೆ ಬರೆದು ಗೋಡೆಗೆ ಅಂಟಿಸಿದ್ದೆ. ಕೈ ತೊಳೆಯಿರಿ, ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ಹಿಟ್ಟು ಆರಿದ ಮೇಲೆ ತುಂಬಿರಿ, ಪ್ರತಿದಿನ ಹಿಟ್ಟಿನ ಡ್ರಮ್ಮು ತೊಳೆದು ಒಣಗಿಸಿರಿ. ಹೀಗೆ.

ಹದಿನೆಂಟನೆಯ ದಿನ ವಾರ್ಡನ್ ಫೋನ್ ಮಾಡಿದಳು. ಬಸ್ಸು ಹಿಡಿದು ಹುನಗುಂದಕ್ಕೆ ಹೋದೆ. ಹಾಸ್ಟೆಲ್ಲಿನ ಅಡಿಗೆಯವಳು ನನ್ನನ್ನು ಬಾಗಿಲಲ್ಲೇ ತಡೆದು ಹಿಟ್ಟು ನಾದುವ ಪರಾತದ ಮೇಲೆ ಚೀಲ ಬೋರಲು ಹಾಕಿದಳು. ಹಿಟ್ಟು ಬೀಳಲಿಲ್ಲ, ಗಡ್ಡೆ ಬಿತ್ತು. ಅದರ ಮೈಮೇಲೆ ಬೂದು ಹಸಿರು ಬೂಷ್ಟು, ಒಡೆದರೆ ಒಳಗೆ ಜೇಡನ ಬಲೆಯಂಥ ಎಳೆ, ಎಳೆಯ ತುಂಬ ನುಸಿ.

“ನೋಡ್ರಿ, ಕಣ್ಣು ಬಿಟ್ಟು ನೋಡ್ರಿ,” ಅಂದಳು ಅಡಿಗೆಯವಳು. “ಮೂಗು ಐತಿ ಅಂತ ನಾ ನಾದಲಿಲ್ಲ. ನಾದಿದ್ದಿದ್ರ? ಅರವತ್ತು ಹುಡುಗ್ಯಾರು ಹೊಟ್ಟಿ ಹಿಡ್ಕೊಂಡು ಮಲಗ್ತಿದ್ರು. ಆರು ತಿಂಗಳಂತ! ಯಾವ ಹಾಟ್ಯಾ ಬರದಾನರಿ ಇದನ್ನ?”

ಯಾವ ಹಾಟ್ಯಾ ಬರೆದಿದ್ದಾನೆ ಅಂತ ನನಗೆ ಗೊತ್ತಿತ್ತು. ಹೇಳಲಿಲ್ಲ. ಕೆಟ್ಟ ಚೀಲಗಳಲ್ಲಿ ಆರನ್ನು ಲ್ಯಾಬಿಗಾಗಿ ಎತ್ತಿಟ್ಟುಕೊಂಡು ಹಿತ್ತಲಿಗೆ ಬಂದು ಮುಖ್ಯಸ್ಥರಿಗೆ ಫೋನ್ ಮಾಡಿದೆ.

“ನಮ್ಮ ಚೀಲದಾಗ ಏನೂ ದೋಷ ಇಲ್ಲ,” ಅಂದರು, ನನ್ನ ಮಾತು ಮುಗಿಯುವ ಮೊದಲೇ. “ಲ್ಯಾಬಿನಾಗ ಬರಲಾರದ್ದು ಅಲ್ಲಿ ಹೆಂಗ ಬಂತು? ಹಳ್ಳಿ ಹೆಂಗಸರು. ಸಗಣಿ ಕೈಲೆ ಹಿಟ್ಟು ಮುಟ್ಟಿರ್ತಾರ. ಹಂಗಂತ ಒಂದು ವರದಿ ಬರೀರಿ.”

ಮೈಯೆಲ್ಲ ಉರಿದುಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿದವರೂ ಬೇರೆ, ನೆಲವೂ ಬೇರೆಯವರದು, ಇವರು ಕುರ್ಚಿಯಲ್ಲಿ ಕೂತೇ ಡೊಂಕು ಅಳೆಯುತ್ತಿದ್ದರು. ‘ನೋಡದ ಹೊರತು ಬರೆಯುವುದಿಲ್ಲ ಸರ್’ ಅಂತ ಮಾತ್ರ ಹೇಳಿ ಫೋನ್ ಇಟ್ಟೆ.

ಹಾಸ್ಟೆಲ್ಲಿನವರು ಹಿಟ್ಟು ತರಿಸುವುದನ್ನು ನಿಲ್ಲಿಸಿದರು. ತಪ್ಪು ಯಾರದು ಅಂತ ವರದಿ ಬರಲಿ, ಆಮೇಲೆ ತಾಲ್ಲೂಕಿನ ಅಧಿಕಾರಿ ತೀರ್ಮಾನ ಮಾಡುತ್ತಾರೆ ಎಂದರು. ಸಂಘದ ಕೊಳೆ ಅಂತ ವರದಿ ಹೋದರೆ ಅಲ್ಲಿಗೆ ಕತೆ ಮುಗಿಯಿತು. ಹುನಗುಂದ, ಇಳಕಲ್ಲು, ಅಕ್ಕಪಕ್ಕದ ಯಾವ ಊರಿನಲ್ಲೂ ಆ ಹನ್ನೊಂದು ಹೆಂಗಸರ ಕೈಯ ಹಿಟ್ಟನ್ನು ಯಾರೂ ಮುಟ್ಟುವುದಿಲ್ಲ. ಅದರಲ್ಲೂ ಅಧ್ಯಕ್ಷೆಯ ಹೆಸರಂತೂ ಚೀಲದ ಮೇಲೆಯೇ ಇತ್ತು.

ಮೂರು ದಿನ ಗುಡೂರಿಗೆ ಹೋದೆ. ಪರೀಕ್ಷೆಗಾಗಿ ಎಂದಿನ ಹಾಗೆಯೇ ದಿನಾ ಬೀಸಿ ತುಂಬಿರಿ ಅಂದಿದ್ದೆ. ಗಿರಣಿಯ ಕಲ್ಲು ಎತ್ತಿಸಿದೆ. ಜೋಳವನ್ನು ಹಲ್ಲಿನಿಂದ ಕಡಿದು ನೋಡಿದೆ, ಕಟಕ್ಕನೆ ಒಡೆಯಿತು, ತೇವ ಇರಲಿಲ್ಲ. ಹಿಟ್ಟನ್ನು ಬಟ್ಟೆಯ ಮೇಲೆ ಹರಡಿ ಆರಿಸಿ, ಆಮೇಲೆ ಡ್ರಮ್ಮಿಗೆ ಸುರಿದು, ಡ್ರಮ್ಮಿನಿಂದ ಚೀಲಕ್ಕೆ ತುಂಬುತ್ತಿದ್ದರು. ಹೆಂಗಸರ ಕೈ, ಉಗುರು, ಮೊರ, ಜರಡಿ, ಸೌಟು, ತೂಕದ ತಟ್ಟೆ, ಚೀಲ ತುಂಬಿ ಮುಗಿದ ಮೇಲೆ ಡ್ರಮ್ಮಿನ ತಳ, ಎಲ್ಲವನ್ನೂ ಹತ್ತಿಯಿಂದ ಒರೆಸಿ ಗಾಜಿನ ತಟ್ಟೆಗೆ ತೀಡಿದೆ. ಕೈ ಚಾಚು ಅಂದಾಗ ಚಾಚಿದರು. ಕಳ್ಳರ ಕೈ ನೋಡಿದ ಹಾಗೆ ನಾನು ಅವರ ಕೈ ನೋಡಿದೆ. ನನಗೇ ಹೇಸಿಗೆಯಾಯಿತು. ಆ ಕೋಣೆ ನಮ್ಮ ಲ್ಯಾಬಿಗಿಂತ ಸ್ವಚ್ಛವಾಗಿತ್ತು, ಸುಳ್ಳಲ್ಲ.

ತಟ್ಟೆಗಳು ನಾಲ್ಕನೆಯ ದಿನ ಉತ್ತರ ಕೊಟ್ಟವು. ಕೈ ಸ್ವಚ್ಛ, ಸೌಟು ಸ್ವಚ್ಛ, ಕಲ್ಲು ಸ್ವಚ್ಛ. ಡ್ರಮ್ಮಿನ ತಳದ ತಟ್ಟೆಯಲ್ಲಿ ಮಾತ್ರ ಬೂಷ್ಟು ಕಂಬಳಿ ಹಾಸಿತ್ತು. ನಾನು ಪೆದ್ದಿಯಂತೆ ನೋಡುತ್ತ ಕೂತೆ. ದಿನಾ ತೊಳೆದು ಬಿಸಿಲಿಗಿಡುವ ಡ್ರಮ್ಮು ಅದು. ತೊಳೆದದ್ದನ್ನು ಅಂಗಳದಲ್ಲಿ ಬೋರಲಾಗಿ ಇಟ್ಟದ್ದನ್ನು ನಾನೇ ಕಂಡಿದ್ದೆ. ಆದರೆ ನಾನು ತಲುಪುವಷ್ಟರಲ್ಲಿ ಯಾವಾಗಲೂ ಬೀಸುವುದು ಮುಗಿದು ಡ್ರಮ್ಮು ತುಂಬಿರುತ್ತಿತ್ತು. ತೊಳೆದ ಡ್ರಮ್ಮಿಗೂ ತುಂಬಿದ ಡ್ರಮ್ಮಿಗೂ ನಡುವೆ ಏನಾಗುತ್ತದೆ ಅಂತ ನಾನು ಕಂಡೇ ಇರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಹೋದೆ. ಅಧ್ಯಕ್ಷೆ ಒಣಗಿದ ಡ್ರಮ್ಮನ್ನು ಒಳಗೆ ತಂದು, ಒಣ ಬಟ್ಟೆಯಿಂದ ಇನ್ನೊಮ್ಮೆ ಒರೆಸಿದಳು. ಗೂಡಿನಲ್ಲಿದ್ದ ಒಂದು ಬಟ್ಟಲು ತೆಗೆದಳು. ಬಟ್ಟಲಲ್ಲಿ ಒಂದು ಹಿಡಿ ಹಿಟ್ಟು. ಅದನ್ನು ಡ್ರಮ್ಮಿನ ತಳಕ್ಕೆ ಹಾಕಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಹೊಸ ಹಿಟ್ಟಿನ ಬುಟ್ಟಿ ಎತ್ತಿದಳು.

“ಯಕ್ಕಾ, ನಿಲ್ಲು!” ಅಂತ ಕಿರಿಚಿದೆ. “ಅದೇನದು?”

ಬುಟ್ಟಿ ಅವಳ ಕೈಯಲ್ಲೇ ನಿಂತಿತು. “ಯಾವ್ದರಿ? ನಿನ್ನಿ ಹಿಟ್ಟು.”

“ಡ್ರಮ್ ತೊಳಿ ಅಂದಿದ್ನಲ್ಲ!”

“ತೊಳದೇನಲ್ರಿ. ದಿನಾ ತೊಳೀತೇನಿ. ತೊಳಿಯೂಕಿಂತ ಮೊದಲ ಒಂದು ಹಿಡಿ ತಗದಿಟ್ಟು, ತೊಳದ ಮ್ಯಾಲ ಹಾಕ್ತೇನಿ. ಹಿಟ್ಟಿನ ಡಬ್ಬಿ ಪೂರಾ ಬರಿದು ಮಾಡಬಾರದಲ್ರಿ ಬಾಯಾರ. ಲಕ್ಷ್ಮಿ ಹೋಗ್ತಾಳ.”

ಶುರುವಾದ ದಿನದಿಂದ ಅದೇ ಹಿಡಿ. ಇಂದಿನ ಹಿಡಿಯಲ್ಲಿ ನಿನ್ನೆಯದು, ನಿನ್ನೆಯದರಲ್ಲಿ ಮೊನ್ನೆಯದು. ಮಳೆ ಹಿಡಿದ ಮೇಲೆ ಅದು ತೇವ ಕುಡಿದು, ಬೂಷ್ಟು ನುಸಿಗಳನ್ನು ಸಾಕಿ, ಪ್ರತಿದಿನದ ಹೊಸ ಹಿಟ್ಟಿಗೆ ಮೊಸರಿಗೆ ಹೆಪ್ಪು ಹಾಕಿದ ಹಾಗೆ ಬೆರೆಯುತ್ತಿತ್ತು. ಹುಳದ ಮೊಟ್ಟೆ ತುಂಬಿದ ಹಿಟ್ಟಿಗೆ ಯಾವ ಅಜವಾನದ ಲೇಪ ಏನು ಮಾಡೀತು?

ನನ್ನ ಸಿಟ್ಟು ಬಾಯಿವರೆಗೆ ಬಂದದ್ದು ಅಲ್ಲೇ ನಿಂತಿತು. ಯಾಕೆಂದರೆ ನಾನು ಇಳಕಲ್ಲಿನ ಗಿರಣಿಯವನ ಮಗಳು. ಹಿಟ್ಟಿನ ಧೂಳಿನಲ್ಲೇ ಬೆಳೆದವಳು. ನಮ್ಮ ಅಮ್ಮಿ ಸಾಯುವತನಕ ಮನೆಯ ಹಿಟ್ಟಿನ ಡಬ್ಬಿಯ ತಳ ಕಾಣಿಸಿದವಳಲ್ಲ. ಬರ್ಕತ್ ಹೋಗುತ್ತದೆ ಅನ್ನುತ್ತಿದ್ದಳು. ಇಲ್ಲಿ ಲಕ್ಷ್ಮಿ, ಅಲ್ಲಿ ಬರ್ಕತ್, ಹಿಡಿ ಒಂದೇ. ನಮ್ಮ ಮನೆಯಲ್ಲಿ ಅದರಿಂದ ಏನೂ ಕೆಟ್ಟಿರಲಿಲ್ಲ, ವಾರಕ್ಕೆರಡು ಸಲ ಬೀಸಿದ್ದು ಅಲ್ಲಿಗಲ್ಲಿಗೆ ತೀರುತ್ತಿತ್ತು. ಇಲ್ಲಿ ಅದನ್ನೇ ಕಾಗದದಲ್ಲಿ ಮುಚ್ಚಿ ಮಳೆಗಾಲದಲ್ಲಿ ಇಡು ಅಂತ ನಾವು ಹೇಳಿದ್ದೆವು. ಇದೆಲ್ಲ ಗೊತ್ತಿದ್ದ ನಾನು ಹದಿನಾಲ್ಕು ಸೂಚನೆ ಬರೆಯುವಾಗ ದೊಡ್ಡ ವಿಜ್ಞಾನಿಯ ಹಾಗೆ ತೊಳೆಯಿರಿ ಅಂತ ಬರೆದೆ, ಪೂರ್ತಿ ಬರಿದು ಮಾಡಿರಿ ಅಂತ ಬರೆಯಲಿಲ್ಲ. ಅವರು ಬರೆದಷ್ಟನ್ನು ಒಂದಕ್ಷರ ಬಿಡದೆ ಮಾಡಿದ್ದರು.

ಯಕ್ಕನನ್ನು ಕೂರಿಸಿ ಹೇಳಿದೆ. ಗಾಜಿನ ತಟ್ಟೆ ತೋರಿಸಿದೆ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ಇದು ನನ್ನ ಕೈಲೆ ಆತೇನ್ರಿ?”

“ಹಿಡಿಯಿಂದ ಆತು ಯಕ್ಕಾ.”

“ಹಿಡಿ ಯಾರದ್ರಿ ಮತ್ತ?” ಅಂದಳು. ಕಣ್ಣಲ್ಲಿ ನೀರಿತ್ತು, ಧ್ವನಿಯಲ್ಲಿ ಇರಲಿಲ್ಲ. ಎದ್ದು ಹೋಗಿ ಡ್ರಮ್ಮು ಹೊರಗೆ ಒಯ್ದು, ತಳದ ಹಿಟ್ಟನ್ನು ತಿಪ್ಪೆಗೆ ಸುರಿದು, ಕುದಿಯುವ ನೀರು ಹುಯ್ದಳು. ಬಟ್ಟಲನ್ನೂ ಅದರಲ್ಲೇ ಅದ್ದಿದಳು.

ಮುಖ್ಯಸ್ಥರಿಗೆ ಹೇಳಿದಾಗ ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. ಅಷ್ಟು ಸಂತೋಷ. “ಸಿಕ್ತಲ್ಲ! ಮೂಢನಂಬಿಕಿ! ಬರೀರಿ ಮೇಡಂ, ಚೀಲ ಆರು ತಿಂಗಳಿಗೆ ಪಾಸ್, ಕೆಟ್ಟದ್ದು ಸಂಘದ ಮೂಢನಂಬಿಕಿಯಿಂದ. ಎರಡ ಎರಡು ಸಾಲು. ಹೊಸ ಸಂಘ ಹುಡುಕೋಣ.”

ಪಿತ್ತ ನೆತ್ತಿಗೇರಿತು. ನಿಜವನ್ನು ಇಷ್ಟು ಬೇಗ ಸುಳ್ಳಿನ ಕೆಲಸಕ್ಕೆ ಹಚ್ಚುವವರನ್ನು ನಾನು ಕಂಡಿರಲಿಲ್ಲ. ಅವತ್ತೇ ನಾನೊಂದು ತೀರ್ಮಾನ ಮಾಡಿದೆ. ಪರೀಕ್ಷೆಯನ್ನು ಮೊದಲಿನಿಂದ ಮಾಡುವುದು, ಲ್ಯಾಬಿನಲ್ಲಲ್ಲ, ಗುಡೂರಿನಲ್ಲೇ, ಅವರದೇ ಗಿರಣಿಯ ಹಿಟ್ಟಿನಿಂದ, ಬರಿದು ಮಾಡಿ ತೊಳೆದ ಡ್ರಮ್ಮಿನಿಂದ. ಅಧಿಕಾರಿಯ ಸಭೆಗೆ ಇನ್ನೂ ಎರಡು ತಿಂಗಳಿತ್ತು. ನಮ್ಮ ಲೇಪದ ಚೀಲ ಒಂದು ಸಾಲು, ಬರೀ ಖಾಕಿ ಚೀಲ ಇನ್ನೊಂದು ಸಾಲು. ಎರಡನ್ನೂ ಹಾಸ್ಟೆಲ್ಲಿನ ಉಗ್ರಾಣದಂಥದೇ ಕತ್ತಲೆ ಕೋಣೆಯಲ್ಲಿ ಇಟ್ಟೆವು. ಪ್ರತಿ ಮಂಗಳವಾರ ಎರಡೂ ಬಗೆಯ ಒಂದೊಂದು ಚೀಲ ಒಡೆಯುವುದು, ಒಂದು ಚಿಟಿಕೆ ನನ್ನ ಗಾಜಿನ ತಟ್ಟೆಗೆ, ಒಂದು ಬೊಗಸೆ ಯಕ್ಕನ ಪರಾತಕ್ಕೆ. ನಾನು ಬೂಷ್ಟು ನೋಡುತ್ತಿದ್ದೆ, ಅವಳು ರೊಟ್ಟಿ ಬಡಿಯುತ್ತಿದ್ದಳು. ಅವಳು ಹೇಳಿದ್ದನ್ನು ನನ್ನ ನೋಟ್‌ಬುಕ್ಕಿನಲ್ಲಿ ಅವಳ ಮಾತಿನಲ್ಲೇ ಬರೆದೆ.

ಆ ಎರಡು ತಿಂಗಳು ಉಳಿದ ಹತ್ತು ಮಂದಿ ಮತ್ತೆ ಕೂಲಿಗೆ ಹೋದರು. ಇಬ್ಬರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ತಿರುಗಿಸಲಿ, ಅವರ ಸಿಟ್ಟಿಗೆ ಕಾರಣ ಇತ್ತು.

ನಾಲ್ಕನೆಯ ಮಂಗಳವಾರ ಬರೀ ಚೀಲದಲ್ಲಿ ನುಸಿ ಕಂಡಿತು. ನಮ್ಮ ಚೀಲ ಸ್ವಚ್ಛ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಎಂಟು ತಿಂಗಳ ಒದ್ದಾಟ ಪೂರಾ ನೀರಿಗೆ ಹೋಗಿರಲಿಲ್ಲ. ಐದನೆಯ ವಾರವೂ ಸ್ವಚ್ಛ, ರೊಟ್ಟಿ ಮಾತ್ರ ಅಂಚಿನಲ್ಲಿ ಸ್ವಲ್ಪ ಸೀಳಿತು. ಆರನೆಯ ವಾರ ತಟ್ಟೆ ಸ್ವಚ್ಛವೇ. ಆದರೆ ಯಕ್ಕ ಬಿಸಿನೀರು ಹಾಕಿ ಎಷ್ಟು ನಾದಿದರೂ ಹಿಟ್ಟಿಗೆ ಜಿಗಿ ಬರಲಿಲ್ಲ. ಎರಡು ಸಲ ಬಡಿದಳು, ಮೂರನೆಯದಕ್ಕೆ ರೊಟ್ಟಿ ಮೂರು ಹೋಳಾಯಿತು. ಆ ಹೋಳನ್ನೇ ಬೇಯಿಸಿ ನನಗೆ ಕೊಟ್ಟಳು. ಕಹಿ. ನಾನು ಲ್ಯಾಬಿನಲ್ಲಿ ಮೂಗಿನಿಂದ ಹಿಡಿದಿದ್ದ ಕಹಿ ಈಗ ನಾಲಿಗೆಯ ಮೇಲಿತ್ತು.

“ಹಿಟ್ಟು ಸತ್ತೈತ್ರಿ ಬಾಯಾರ,” ಅಂದಳು. “ಹುಳ ಇಲ್ಲ, ಬೂಷ್ಟ ಇಲ್ಲ, ಖರೆ. ಆದ್ರ ಇದು ರೊಟ್ಟಿ ಹಿಟ್ಟಲ್ಲ. ಆರು ತಿಂಗಳಂತ ಬರದಾವ್ರು ಒಮ್ಮೆರ ರೊಟ್ಟಿ ಬಡದಾರೇನ್ರಿ?”

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ನನ್ನ ಚೀಲ ಬೂಷ್ಟನ್ನು, ನುಸಿಯನ್ನು ಒಂದಷ್ಟು ದಿನ ತಡೆಯುತ್ತದೆ, ಹಿಟ್ಟು ಹಳಸುವುದನ್ನು ತಡೆಯುವುದಿಲ್ಲ. ಹಿಡಿ ಹಿಟ್ಟು ಇಲ್ಲದಿದ್ದರೂ ಆರು ತಿಂಗಳು ಎಂಬುದು ಸುಳ್ಳೇ. ವರದಿ ಬರೆದೆ. ಹಿಡಿಯ ವಿಷಯ ಬರೆದೆ, ಸೂಚನೆಯಲ್ಲಿ ನಾನು ಬಿಟ್ಟದ್ದನ್ನು ಬರೆದೆ, ಮೂವತ್ತು ದಿನಕ್ಕಿಂತ ಹೆಚ್ಚು ಹೇಳಬಾರದು ಎಂದು ಬರೆದೆ. ಮುಖ್ಯಸ್ಥರು ಓದಿ, ಹಾಳೆಗಳನ್ನು ಮೇಜಿನ ಆಚೆಗೆ ಸರಿಸಿದರು.

“ನಿಮ್ಮ ಯಕ್ಕನ ರೊಟ್ಟಿ ವಿಜ್ಞಾನ ಅಲ್ಲ ಮೇಡಂ. ಗಾಜಿನ ತಟ್ಟಿ ಏನು ಹೇಳ್ತೈತಿ ಅದನ್ನ ಬರೀರಿ.”

“ಗಾಜಿನ ತಟ್ಟಿನ ಯಾರೂ ತಿನ್ನೂದಿಲ್ಲ ಸರ್.”

“ನವೀಕರಣ ಮುಂದಿನ ತಿಂಗಳ ಐತಿ,” ಅಂದರು. ಅಷ್ಟೇ ಅಂದರು. ನನ್ನ ವರದಿ ಅಲ್ಲೇ ಬಿತ್ತು. ಅವರದೇ ಎರಡು ಸಾಲಿನ ವರದಿ ಟೈಪಾಯಿತು, ಕೆಳಗೆ ನನ್ನ ಹೆಸರು, ಹೆಸರಿನ ಮೇಲೆ ಸಹಿಗೆ ಖಾಲಿ ಜಾಗ.

ಸಭೆ ಹುನಗುಂದದಲ್ಲಿ, ಅಧಿಕಾರಿಯ ಕೋಣೆಯಲ್ಲಿ. ವಾರ್ಡನ್ ಇದ್ದಳು, ಮುಖ್ಯಸ್ಥರು ಇದ್ದರು, ನಾನಿದ್ದೆ. ಯಕ್ಕ ಇಳಕಲ್ ಸೀರೆ ಉಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಮುಖ್ಯಸ್ಥರು ಖಣದ ಅಂಚಿನ ಚೀಲವನ್ನು ಮೇಜಿನ ಮೇಲಿಟ್ಟು ತಮ್ಮ ಎರಡು ಸಾಲು ಓದಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತಾರಲ್ಲ, ಆ ಚೀಲ ನೋಡಿದಾಗ ನನಗೆ ಹಾಗೇ ಅನ್ನಿಸಿತು. ಆಮೇಲೆ ಅವರು ಕಾಗದವನ್ನೂ ಪೆನ್ನನ್ನೂ ನನ್ನ ಮುಂದೆ ಸರಿಸಿದರು. ನಾನು ಪೆನ್ನು ಮುಟ್ಟಲಿಲ್ಲ. ಆದರೆ ಬಾಯಿಯೂ ಬಿಡಲಿಲ್ಲ. ಮೌನ ಬಂಗಾರ ಅಂದವರು ಯಾರೋ, ಅವರಿಗೆ ಗುತ್ತಿಗೆ ನೌಕರಿ ಇದ್ದಿರಬೇಕು.

ಅಧಿಕಾರಿ ಯಕ್ಕನ ಕಡೆ ತಿರುಗಿದರು. “ಏನವ್ವಾ, ಡ್ರಮ್ಮಿನ ತಳದಾಗ ಹಳೆ ಹಿಟ್ಟು ಇಡತಿದ್ದಿ, ಖರೆ ಏನು?”

ಅವಳು ಇಲ್ಲ ಅನ್ನಬಹುದಿತ್ತು. ಕಂಡವಳು ನಾನೊಬ್ಬಳೇ, ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅವಳು ಎದ್ದು ನಿಂತಳು.

“ಖರೆ ಐತ್ರಿ ಸಾಹೇಬ್ರ. ನಾನ ಇಟ್ಟೀನ್ರಿ, ನನ್ನ ಕೈಲೆ ಇಟ್ಟೀನಿ. ಬ್ಯಾರೆ ಯಾರೂ ಇಟ್ಟಿಲ್ಲ. ಲಕ್ಷ್ಮಿ ಅಂತ ಇಟ್ಟೆ, ಹುಳ ಆತು. ಗೊತ್ತಾದ ದಿನಾನ ಬಿಟ್ಟೀನ್ರಿ. ಆ ಹುಡುಗ್ಯಾರಿಗೆ ಏನರ ಆಗಿದ್ರ ನಾ ಬದುಕಿರ್ತಿದ್ದಿಲ್ಲ. ತಪ್ಪು ನಂದು.” ಉಸಿರು ತೆಗೆದುಕೊಂಡಳು. ಮುಖ್ಯಸ್ಥರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ನಂದು ನಾ ಹೇಳೇನ್ರಿ. ಇನ್ನ ನಿಮ್ದು ನೀವು ಹೇಳ್ರಿ.”

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸುತ್ತ, “ಇಲ್ಲಿ ವಿಜ್ಞಾನದ್ದೇನೂ ತಪ್ಪಿಲ್ಲ,” ಅಂದರು.

ನಾನು ಎದ್ದೆ.

“ವಿಜ್ಞಾನದ್ದು ತಪ್ಪಿಲ್ಲ ಸರ್, ನಂದೈತಿ,” ಅಂದೆ. “ಅರವತ್ತನೇ ದಿನಾನ ಹಿಟ್ಟು ಕಮಟು ಬಂದಿತ್ತು. ನನ್ನ ನೋಟ್‌ಬುಕ್ಕಿನಾಗ ಐತಿ. ಆರು ತಿಂಗಳು ಅಂತ ಚೀಲ ಅಚ್ಚಾಗಿ ಬಂದಾಗ ಕಟ್ಟು ಬಿಚ್ಚಿದಾಕಿ ನಾನ. ಸುಳ್ಳಂತ ಗೊತ್ತಿದ್ದೂ ಕಪಾಟಿನಾಗ ಇಟ್ಟು ಕೀಲಿ ಹಾಕ್ದೆ. ನೌಕರಿ ಹೋಗ್ತೈತಿ ಅಂತ ಹಾಕ್ದೆ. ಈ ಯಕ್ಕ ಗೊತ್ತಿಲ್ದ ತಪ್ಪು ಮಾಡ್ಯಾಳ. ನಾ ಗೊತ್ತಿದ್ದು ಮಾಡೇನಿ.”

ನನ್ನ ಹೆಗಲ ಚೀಲದಿಂದ ನೋಟ್‌ಬುಕ್ಕು ತೆಗೆದು ಆ ಪುಟ ತೆರೆದು ಅಧಿಕಾರಿಯ ಮುಂದಿಟ್ಟೆ. ಪಕ್ಕದಲ್ಲಿ ಮಂಗಳವಾರದ ಪುಟಗಳನ್ನೂ ಇಟ್ಟೆ. ಅವರು ಓದಿದರು. ಯಕ್ಕನ ಮಾತು ಇದ್ದ ಕಡೆ ಎರಡು ಸಲ ಓದಿದರು ಅಂತ ಕಾಣುತ್ತದೆ, ತುಟಿ ಅಲುಗಿತು.

“ಎಷ್ಟು ದಿನ ಹಾಕಬೇಕು?” ಅಂತ ನನ್ನನ್ನು ಕೇಳಿದರು.

“ಮೂವತ್ತು. ಒಂದು ದಿನ ಹೆಚ್ಚು ಬ್ಯಾಡ. ಹದಿನೈದು ದಿನಕ್ಕೊಮ್ಮೆ ಹೊಸ ಹಿಟ್ಟು ಬರಲಿ.”

ಸಂಘದ ಕೆಲಸ ಉಳಿಯಿತು. ವಾರ್ಡನ್ ತಿಂಗಳಿಗೊಮ್ಮೆ ಗುಡೂರಿಗೆ ಬಂದು ನೋಡಿ ಹೋಗಬೇಕು ಎಂಬ ಷರತ್ತು ಹಾಕಿದರು. ‘ಆರು ತಿಂಗಳು’ ಇರುವ ಒಂದು ಚೀಲವೂ ಹಾಸ್ಟೆಲ್ಲಿನ ಬಾಗಿಲು ದಾಟಬಾರದು ಅಂತ ಬರೆಸಿದರು. ಮುಖ್ಯಸ್ಥರು ಚಹಾ ಕುಡಿಯದೆ ಕಾರು ಹತ್ತಿದರು. ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ಮುಂದಿನ ತಿಂಗಳು ನವೀಕರಣದ ಕಾಗದವೂ ಬರಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ನಾನೂ ಯಕ್ಕನೂ ನಡೆದುಹೋದೆವು. ನಾನು ನೌಕರಿ ಪಣಕ್ಕಿಟ್ಟು ನಿಜ ಹೇಳಿದವಳು, ಅವಳು ಒಂದು ಒಳ್ಳೆಯ ಮಾತು ಹೇಳಬಹುದು ಅಂತ ಒಳಗೊಳಗೇ ಕಾಯುತ್ತಿದ್ದೆ, ನಾಚಿಕೆಗೇಡಿ. ಗುಡೂರಿನ ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದಿರುಗಿ ನೋಡಿದಳು.

“ಚೀಲ ಬಂದ ದಿನಾನ ನಿಮಗ ಗೊತ್ತಿತ್ತಲ್ರಿ ಬಾಯಾರ,” ಅಂದಳು. ಸಿಟ್ಟಿರಲಿಲ್ಲ, ಕೇಳುವ ಹಾಗೆ ಕೇಳಿದಳು. “ಗೊತ್ತಿದ್ದೂ ಮೂರು ದಿನ ನಮ್ಮ ಕೈ ಯಾಕ ನೋಡಿದ್ರಿ?”

ಕಂಡಕ್ಟರ್ ಶಿಳ್ಳೆ ಊದಿದ. ಅವಳು ಒಳಗೆ ಹೋಗಿ ಕಿಟಕಿ ಪಕ್ಕ ಕೂತಳು. ಬಸ್ಸು ಹೊರಟಿತು. ಇವತ್ತಿಗೆ ಮುಖ್ಯಸ್ಥರ ಮೇಲಿನ ಸಿಟ್ಟು ಎಷ್ಟೋ ಕಡಿಮೆಯಾಗಿದೆ. ನನ್ನ ಮೇಲಿನದು ಆಗಿಲ್ಲ.